ಬಿಲ್ಲಿಂಗ್ ಪರದೆ ಎಲ್ಲಿ ಕಾಯುತ್ತಿದೆ? ವ್ಯವಹಾರದ ತಂತ್ರಾಂಶಗಳಿಗೆ ನೆಟ್‌ವರ್ಕ್ ಯಂತ್ರಾಂಶದ ನೆರವು

(ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಶಿನ್ ಶಾಪ್ ಮತ್ತು ಬಿಡಿಭಾಗಗಳ ವ್ಯಾಪಾರ ನಡೆಸುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಬಂದ ಪುನರುಕ್ತಿಗಳನ್ನು ಕೈಬಿಟ್ಟು, ಕೊನೆಗೆ ಕೇಳಲಾದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಕಚೇರಿಯ ತಂತ್ರಾಂಶ ನಿಧಾನವಾದಾಗ ನಮ್ಮ ಕಡೆ ಮೊದಲು ಕೇಳಿಬರುವ ಮಾತು "ನೆಟ್ ಭಾಳ ಸ್ಲೋ ಐತ್ರಿ" ಎಂಬುದು. ಆ ಮಾತಿನ ಬೆನ್ನಿಗೇ ಇಂಟರ್‌ನೆಟ್ ಪ್ಲಾನನ್ನು 50 ಎಂಬಿಪಿಎಸ್‌ನಿಂದ 200ಕ್ಕೆ ಏರಿಸುವ ನಿರ್ಧಾರವೂ ಆಗಿಬಿಡುತ್ತದೆ. ತಿಂಗಳ ಖರ್ಚು ಏರುತ್ತದೆ, ಬಿಲ್ಲಿಂಗ್ ಪರದೆ ಮಾತ್ರ ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ತಂತ್ರಾಂಶವೊಂದು ಒಂದು ಕೆಲಸಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ದೊಡ್ಡ ಪಾಲು ಎಲ್ಲೋ ಒಂದು ಕಡೆ ಕಾಯುವುದರಲ್ಲಿ ಹೋಗುತ್ತದೆ; ಆ ಕಾಯುವಿಕೆ ನಡೆಯುವ ಜಾಗದಲ್ಲಿ ಹಾಕಿದ ಯಂತ್ರಾಂಶ ಫಲ ಕೊಡುತ್ತದೆ, ಬೇರೆ ಜಾಗದಲ್ಲಿ ಹಾಕಿದ್ದು ಎಷ್ಟೇ ದುಬಾರಿಯಾದರೂ ರ್‍ಯಾಕಿನಲ್ಲಿ ದೀಪ ಮಿನುಗಿಸುತ್ತ ಕೂರುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಆ ಜಾಗವನ್ನು ಹುಡುಕುವ ಬಗೆ.

ಇಲ್ಲಿ ಕುಳಿತಿರುವ ಹಲವರಿಗೆ ಇದು ಬರೀ ಸೌಕರ್ಯದ ವಿಷಯವಾಗಿ ಉಳಿದಿಲ್ಲ. ಸರಕು ಸಾಗಣೆಯ ಇ-ವೇ ಬಿಲ್ 2018ರ ಏಪ್ರಿಲ್ 1ರಿಂದ ಜಾರಿಗೆ ಬಂತು. ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ಸಂಸ್ಥೆಗಳು, ತಾವು ಇನ್ನೊಂದು ನೋಂದಾಯಿತ ಸಂಸ್ಥೆಗೆ ಕೊಡುವ ಬಿಲ್‌ಗಳನ್ನು ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿ ಸಂಖ್ಯೆ ಪಡೆಯಬೇಕಾಗಿದೆ. ಎರಕದ ಮಾಲು ತುಂಬಿದ ಲಾರಿ ಗೇಟಿನಲ್ಲಿ ನಿಂತಿರುವಾಗ ಆ ಸಂಖ್ಯೆ ಪರದೆಯ ಮೇಲೆ ಮೂಡುವವರೆಗೆ ಚಾಲಕ, ಗೇಟಿನವನು, ಲೆಕ್ಕದವರು ಎಲ್ಲರೂ ಕಾಯುತ್ತಾರೆ. ಪೋರ್ಟಲ್ ತೆಗೆದುಕೊಳ್ಳುವ ಹೊತ್ತು ನಮ್ಮ ಕೈಯಲ್ಲಿಲ್ಲ. ಪೋರ್ಟಲಿಗೆ ತಲುಪುವ ಮುನ್ನ ನಮ್ಮ ಆವರಣದಲ್ಲೇ ಕಳೆದುಹೋಗುವ ಹೊತ್ತು ನಮ್ಮ ಕೈಯಲ್ಲಿದೆ.

ಮೊದಲು ಒಂದು ಸಣ್ಣ ಲೆಕ್ಕ. ನಿಮ್ಮ ಸ್ಟಾಕ್ ತಂತ್ರಾಂಶದ ಒಂದು ಪರದೆ ತೆರೆಯಲು ಅದು ಸರ್ವರಿಗೆ ಒಂದಾದ ಮೇಲೆ ಒಂದರಂತೆ 400 ಪ್ರಶ್ನೆಗಳನ್ನು ಕೇಳುತ್ತದೆ ಎಂದುಕೊಳ್ಳಿ. ಹಳೆಯ ಶೈಲಿಯ ತಂತ್ರಾಂಶಗಳಿಗೆ ಇದು ಅಪರೂಪವೇನಲ್ಲ: ಗ್ರಾಹಕನ ಹೆಸರಿಗೊಂದು, ಪ್ರತಿ ವಸ್ತುವಿನ ದರಕ್ಕೊಂದು, ತೆರಿಗೆಗೊಂದು ಎಂದು ಕೇಳುತ್ತಲೇ ಹೋಗುತ್ತವೆ. ಪ್ರಶ್ನೆ ಮತ್ತು ಉತ್ತರ ಸೇರಿ 500 ಬೈಟ್ ಎಂದರೆ ಒಟ್ಟು 2 ಲಕ್ಷ ಬೈಟ್, ಅಂದರೆ 16 ಲಕ್ಷ ಬಿಟ್. 10 ಎಂಬಿಪಿಎಸ್ (ಸೆಕೆಂಡಿಗೆ ಒಂದು ಕೋಟಿ ಬಿಟ್) ಲೈನಿನಲ್ಲಿ ಇಷ್ಟನ್ನು ಸಾಗಿಸಲು ಬೇಕಾಗುವುದು 160 ಮಿಲಿಸೆಕೆಂಡ್, 100 ಎಂಬಿಪಿಎಸ್‌ನಲ್ಲಿ 16 ಮಿಲಿಸೆಕೆಂಡ್. ಈಗ ಹೋಗಿ ಬರುವ ಸಮಯವನ್ನು ನೋಡಿ. ಸರ್ವರ್ ಅದೇ ಕಟ್ಟಡದಲ್ಲಿದ್ದು ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಹಿಡಿದರೆ 400 ಸಲಕ್ಕೆ 0.2 ಸೆಕೆಂಡ್. ಅದೇ ಸರ್ವರನ್ನು ಬೇರೆ ಊರಿಗೆ ಒಯ್ದು, ಹೋಗಿ ಬರಲು 30 ಮಿಲಿಸೆಕೆಂಡ್ ಆಯಿತೆಂದರೆ 400 ಸಲಕ್ಕೆ 12 ಸೆಕೆಂಡ್. ಲೈನನ್ನು ಹತ್ತು ಪಟ್ಟು ಅಗಲ ಮಾಡಿದರೆ ಈ 12 ಸೆಕೆಂಡಿನಲ್ಲಿ ಉಳಿತಾಯವಾಗುವುದು ಸೆಕೆಂಡಿನ ಸುಮಾರು ಏಳನೇ ಒಂದು ಭಾಗವಷ್ಟೇ. ಪ್ಲಾನ್ ಏರಿಸಿದ ಮೇಲೂ ಪರದೆ ಹಾಗೇ ಇರುವುದಕ್ಕೆ ಕಾರಣ ಇದು.

ಹೋಗಿ ಬರುವ ಸಮಯಕ್ಕೆ ಒಂದು ತಳಮಿತಿಯೂ ಉಂಟು. ಗಾಜಿನ ತಂತುವಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಳಗಾವಿಯಿಂದ ಮುಂಬೈ ರಸ್ತೆಯಲ್ಲಿ ಸುಮಾರು 500 ಕಿಲೋಮೀಟರ್. ಫೈಬರ್ ಅದೇ ದಾರಿ ಹಿಡಿದರೂ ಹೋಗಿ ಬರಲು 5 ಮಿಲಿಸೆಕೆಂಡಿಗಿಂತ ಕಡಿಮೆಯಾಗುವುದಿಲ್ಲ, ನಡುವಿನ ಉಪಕರಣಗಳು ಮತ್ತು ಬಳಸುದಾರಿಗಳು ಸೇರಿ ವಾಸ್ತವದಲ್ಲಿ ಅದರ ಹಲವು ಪಟ್ಟು ಆಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಸರ್ವರ್ ಆದರೆ 200 ಮಿಲಿಸೆಕೆಂಡ್ ಆಸುಪಾಸು. ಯಾವ ಪೆಟ್ಟಿಗೆಯನ್ನು ಕೊಂಡರೂ ಬೆಳಕಿನ ವೇಗ ಹೆಚ್ಚುವುದಿಲ್ಲವಾದ್ದರಿಂದ ದೂರದ ಸಮಸ್ಯೆಗೆ ಪರಿಹಾರ ಎರಡೇ: ದೂರವನ್ನೇ ಕಡಿಮೆ ಮಾಡುವುದು, ಇಲ್ಲವೇ ಹೋಗಿ ಬರುವ ಸಲಗಳನ್ನು ಕಡಿಮೆ ಮಾಡುವುದು. ಕ್ಲೌಡ್ ತಂತ್ರಾಂಶ ಮಾರಲು ಬಂದವರನ್ನು ಮೊದಲು ಕೇಳಬೇಕಾದದ್ದು ಅವರ ಸರ್ವರ್ ಯಾವ ಊರಿನಲ್ಲಿದೆ ಎಂದು. ಅಮೆಜಾನ್‌ನ ಮುಂಬೈ ಕೇಂದ್ರ 2016ರಿಂದ, ಮೈಕ್ರೋಸಾಫ್ಟ್‌ನ ಪುಣೆ ಕೇಂದ್ರ 2015ರಿಂದ ನಡೆಯುತ್ತಿವೆ. ಎರಡೂ ನಮಗೆ ಒಂದು ರಾತ್ರಿ ಪ್ರಯಾಣದೊಳಗಿನ ಊರುಗಳು. ಹೀಗಿರುವಾಗ ಬೆಳಗಾವಿಯ ವ್ಯಾಪಾರಿಯ ದತ್ತಾಂಶ ಸಿಂಗಪುರದಲ್ಲೋ ಅಮೆರಿಕದಲ್ಲೋ ಇರಬೇಕಾದ ಕಾರಣವನ್ನು ಮಾರುವವರೇ ವಿವರಿಸಲಿ.

ಇನ್ನು ಹುಡುಕುವ ಕೆಲಸ. ಇದಕ್ಕೆ ದೊಡ್ಡ ಸಲಕರಣೆ ಬೇಡ. ತಂತ್ರಾಂಶ ನಿಧಾನವಾಗಿರುವ ಹೊತ್ತಿನಲ್ಲೇ, ಅಂದರೆ ತಿಂಗಳ ಕೊನೆಯ ಸಂಜೆಯಲ್ಲೋ ಲೋಡಿಂಗ್ ನಡೆಯುವ ಹೊತ್ತಿನಲ್ಲೋ, ಅದೇ ಕಂಪ್ಯೂಟರಿನಿಂದ ಮೂರು ಕಡೆಗೆ ಪಿಂಗ್ ಮಾಡಬೇಕು, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತನ್ನು ಅಳೆಯಬೇಕು: ನಿಮ್ಮದೇ ರೂಟರಿಗೆ, ನಿಮ್ಮ ಸರ್ವರಿಗೆ, ಹೊರಗಿನ ಒಂದು ವಿಳಾಸಕ್ಕೆ. ರೂಟರಿನ ಉತ್ತರವೇ ಒಮ್ಮೆ 1 ಮಿಲಿಸೆಕೆಂಡ್, ಇನ್ನೊಮ್ಮೆ 80 ಎಂದು ಜಿಗಿಯುತ್ತಿದ್ದರೆ ತೊಂದರೆ ಇರುವುದು ನಿಮ್ಮ ಗೋಡೆಗಳೊಳಗೆ, ಬಹುತೇಕ ವೈಫೈಯಲ್ಲಿ ಅಥವಾ ಕೇಬಲಿನಲ್ಲಿ. ರೂಟರ್ ಸರಿಯಿದ್ದು ಹೊರಗಿನದು ಮಾತ್ರ ಏರುತ್ತಿದ್ದರೆ ಲೈನಿನ ತಲೆಯಲ್ಲಿ ಸಾಲು ನಿಂತಿದೆ. ಮೂರೂ ಚೆನ್ನಾಗಿದ್ದು ಪರದೆ ಮಾತ್ರ ತಡವಾಗುತ್ತಿದ್ದರೆ ಡೇಟಾಬೇಸನ್ನೋ ಸರ್ವರಿನ ಡಿಸ್ಕನ್ನೋ ತಂತ್ರಾಂಶದ ಬರವಣಿಗೆಯನ್ನೋ ನೋಡಬೇಕು. ಲಕ್ಷಾಂತರ ಸಾಲುಗಳಿರುವ ಟೇಬಲಿಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲದಿದ್ದರೆ ಅದನ್ನು ಯಾವ ನೆಟ್‌ವರ್ಕ್ ಸ್ವಿಚ್ಚೂ (ಕಂಪ್ಯೂಟರ್‌ಗಳ ಕೇಬಲ್‌ಗಳನ್ನು ಒಂದೆಡೆ ಜೋಡಿಸುವ ಪೆಟ್ಟಿಗೆ) ಸರಿಪಡಿಸುವುದಿಲ್ಲ. ಹೆಚ್ಚು ವಿವರ ಬೇಕಾದವರಿಗೆ ವೈರ್‌ಶಾರ್ಕ್ ಎಂಬ ಉಚಿತ ಸಾಧನವಿದೆ. ಯಾವ ಪ್ಯಾಕೆಟ್ (ದತ್ತಾಂಶದ ಸಣ್ಣ ಕಂತು) ಹೊರಟಿತು, ಎಷ್ಟು ಹೊತ್ತಿಗೆ ಉತ್ತರ ಬಂತು, ಎಷ್ಟು ಸಲ ಮರಳಿ ಕಳಿಸಬೇಕಾಯಿತು ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ಅದರಲ್ಲಿ ಸರಿಯಾಗಿ 200 ಮಿಲಿಸೆಕೆಂಡಿನ ಖಾಲಿ ಅಂತರಗಳು ಮತ್ತೆ ಮತ್ತೆ ಕಂಡರೆ ಅದು ಸಾಮಾನ್ಯವಾಗಿ ಲೈನಿನ ದೋಷವಲ್ಲ: ಸಣ್ಣ ಪ್ಯಾಕೆಟ್‌ಗಳನ್ನು ತಡೆಹಿಡಿಯುವ ನೇಗಲ್ ವಿಧಾನ ಒಂದು ತುದಿಯಲ್ಲಿ, ಸ್ವೀಕೃತಿಯನ್ನು ತಡಮಾಡುವ ಪದ್ಧತಿ ಇನ್ನೊಂದು ತುದಿಯಲ್ಲಿ ಪರಸ್ಪರರನ್ನು ಕಾಯುತ್ತಿರುತ್ತವೆ. ಅದನ್ನು ತಂತ್ರಾಂಶ ಬರೆದವರು ಒಂದು ಸಾಲಿನಲ್ಲಿ ಸರಿಮಾಡಬಲ್ಲರು.

ತೊಂದರೆ ಗೋಡೆಗಳೊಳಗೆ ಇದೆ ಎಂದಾದರೆ ಮೊದಲು ನೋಡಬೇಕಾದದ್ದು ಕೇಬಲ್. ಇದನ್ನು ಹೇಳಿದರೆ ಸಭೆಯಲ್ಲಿ ನಗು ಬರುತ್ತದೆ, ಆದರೆ ಅತಿ ಕಡಿಮೆ ಹಣಕ್ಕೆ ಅತಿ ಹೆಚ್ಚು ಫಲ ಕೊಡುವ ಯಂತ್ರಾಂಶ ಇದೇ. ಕಚೇರಿಯ ಕಂಪ್ಯೂಟರ್‌ಗಳನ್ನು ತಂತಿಯಿಂದ ಜೋಡಿಸುವ ಈಥರ್‌ನೆಟ್ ಪದ್ಧತಿ ನೂರು ಎಂಬಿಪಿಎಸ್ ವೇಗದಲ್ಲಿ ಕೇಬಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡನ್ನು ಮಾತ್ರ ಬಳಸುತ್ತದೆ. 1999ರಲ್ಲಿ ಮಾನಕವಾದ ತಾಮ್ರದ ಗಿಗಾಬಿಟ್ (ಸಾವಿರ ಎಂಬಿಪಿಎಸ್) ಈಥರ್‌ನೆಟ್‌ಗೆ ನಾಲ್ಕೂ ಜೋಡಿ ಬೇಕು. ಒಂದು ತಂತಿ ತುದಿಯ ಪ್ಲಗ್ಗಿನ ಕ್ರಿಂಪಿನಲ್ಲಿ ಸರಿಯಾಗಿ ಕೂರದಿದ್ದರೆ ಹಲವು ಸ್ವಿಚ್‌ಗಳು ಸದ್ದಿಲ್ಲದೆ ನೂರಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಎಲ್ಲವೂ ನಡೆಯುತ್ತಿರುತ್ತದೆ, ಹತ್ತರಲ್ಲೊಂದು ವೇಗದಲ್ಲಿ. ಪೋರ್ಟಿನ ದೀಪದ ಬಣ್ಣವನ್ನೋ ವಿಂಡೋಸ್ ತೋರಿಸುವ ಲಿಂಕ್ ವೇಗವನ್ನೋ ಒಮ್ಮೆ ಎಲ್ಲ ಕಂಪ್ಯೂಟರ್‌ಗಳಲ್ಲಿ ನೋಡಿಬಂದರೆ ಇದು ತಿಳಿಯುತ್ತದೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕೇಬಲ್‌ಗಳಲ್ಲಿ ಹಲವು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟವು. ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು ಒಂದೂವರೆ ಪಟ್ಟಿಗೂ ಮಿಗಿಲು, ಬಗ್ಗಿಸಿದರೆ ಬೇಗ ಮುರಿಯುತ್ತದೆ, ಅದೇ ಕೇಬಲಿನಲ್ಲಿ ಕ್ಯಾಮೆರಾಗಳಿಗೆ ವಿದ್ಯುತ್ತನ್ನೂ ಹರಿಸಿದರೆ ಬಿಸಿಯಾಗುತ್ತದೆ. ಬಾಕ್ಸಿನ ಮೇಲೆ ಶುದ್ಧ ತಾಮ್ರ ಎಂದು ಬರೆದಿರುವುದನ್ನೇ ಕೊಳ್ಳಬೇಕು, ತುದಿಯನ್ನು ಚಾಕುವಿನಿಂದ ಕೆರೆದು ನೋಡಲು ನಾಚಿಕೆಪಡಬಾರದು.

ಇದಕ್ಕೆ ಸೇರಿದ ಇನ್ನೊಂದು ಹಳೆಯ ತೊಂದರೆ ಇದೆ. ಒಂದು ತುದಿಯಲ್ಲಿ ಯಾರೋ ವೇಗವನ್ನು "ನೂರು, ಫುಲ್ ಡುಪ್ಲೆಕ್ಸ್" (ಎರಡೂ ಕಡೆ ಒಮ್ಮೆಗೇ ಕಳಿಸುವ ಬಗೆ) ಎಂದು ಕೈಯಾರೆ ಗಟ್ಟಿ ಮಾಡಿ, ಇನ್ನೊಂದು ತುದಿಯನ್ನು ಆಟೋದಲ್ಲೇ ಬಿಟ್ಟರೆ, ಆಟೋದಲ್ಲಿರುವ ತುದಿ ಮಾನಕದ ಪ್ರಕಾರವೇ ಹಾಫ್ ಡುಪ್ಲೆಕ್ಸಿಗೆ, ಅಂದರೆ ಒಂದು ಸಲಕ್ಕೆ ಒಂದೇ ಕಡೆ ಕಳಿಸುವ ಬಗೆಗೆ, ಇಳಿಯುತ್ತದೆ. ಆಗ ಪಿಂಗ್ ಚೆನ್ನಾಗಿಯೇ ಬರುತ್ತದೆ, ದೊಡ್ಡ ವರದಿ ತೆಗೆಯಲು ಹೋದರೆ ಮಾತ್ರ ಎರಡೂ ಕಡೆಯ ಪ್ಯಾಕೆಟ್‌ಗಳು ಡಿಕ್ಕಿ ಹೊಡೆದು ಕೆಲಸ ತೆವಳುತ್ತದೆ. ಹಳೆಯ ಸಿಎನ್‌ಸಿ ಯಂತ್ರಗಳನ್ನು ನೆಟ್‌ವರ್ಕಿಗೆ ಜೋಡಿಸಿರುವ ನಿಮ್ಮಲ್ಲಿ ಕೆಲವರು ಇದನ್ನು ಕಂಡಿರಲೂಬಹುದು.

ಫೌಂಡ್ರಿಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಶೆಡ್ಡಿನಿಂದ ಶೆಡ್ಡಿಗೆ ಹೋಗುವ ಲೈನಿನ ಬಗ್ಗೆ. ತಾಮ್ರದ ಕೇಬಲಿಗೆ 100 ಮೀಟರ್ ಮಿತಿ ಇದೆ. ಕಚೇರಿಯಿಂದ ತೂಕದ ಕಾಟಾಕ್ಕೋ ಪ್ಯಾಟರ್ನ್ ಶಾಪಿಗೋ ಅದಕ್ಕಿಂತ ದೂರವಿದ್ದಾಗ ನಡುವೆ ಒಂದು ಸಣ್ಣ ಸ್ವಿಚ್ಚನ್ನು ಡಬ್ಬಿಯಲ್ಲಿಟ್ಟು ಕಂಬಕ್ಕೆ ಕಟ್ಟುವುದು ನಮ್ಮಲ್ಲಿ ರೂಢಿ. ಆ ಡಬ್ಬಿಯೊಳಗೆ ಬೇಸಿಗೆಯ ಬಿಸಿಲು, ಎರಕದ ಧೂಳು, ಬೆಳಗಾವಿಯ ಮಳೆಗಾಲದ ತೇವ ಎಲ್ಲವೂ ಸೇರಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಬೇರೆ ಬೇರೆ ಅರ್ಥಿಂಗ್ ಇರುವ ಎರಡು ಕಟ್ಟಡಗಳನ್ನು ತಾಮ್ರದಿಂದ ಜೋಡಿಸಿದರೆ ಎರಡರ ನಡುವಿನ ವೋಲ್ಟೇಜ್ ವ್ಯತ್ಯಾಸ ಆ ಕೇಬಲಿನ ಮೂಲಕವೇ ದಾರಿ ಹುಡುಕಬಹುದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಡಿದರೆ ಒಂದೇ ಏಟಿಗೆ ಎರಡೂ ತುದಿಯ ಪೋರ್ಟ್‌ಗಳು ಹೋಗುತ್ತವೆ. ಗಾಜಿನ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ, ಇಂಡಕ್ಷನ್ ಫರ್ನೇಸಿನ ಗದ್ದಲವೂ ಅದಕ್ಕೆ ತಟ್ಟುವುದಿಲ್ಲ. ಎರಡು ತುದಿಯಲ್ಲಿ ಫೈಬರ್ ಕಿಂಡಿ ಇರುವ ಸ್ವಿಚ್‌ಗಳನ್ನಿಟ್ಟು ನಡುವೆ, ಲೋಹದ ಕವಚವಿಲ್ಲದ ಸಿಂಗಲ್ ಮೋಡ್ ಫೈಬರನ್ನು ಎಳೆದರೆ ಕಿಲೋಮೀಟರ್‌ಗಟ್ಟಲೆ ಹೋಗಬಹುದು, ಮುಂದೆ ವೇಗ ಏರಿಸಬೇಕಾದಾಗ ಬರೀ ತುದಿಯ ಮಾಡ್ಯೂಲ್ ಬದಲಿಸಿದರೆ ಸಾಕು. ನಮ್ಮ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಂಥ ಹರಡಿದ ಆವರಣಗಳಿಗೂ ಇದೇ ಮಾತು ಸಲ್ಲುತ್ತದೆ.

ಸ್ವಿಚ್ಚಿನ ಬಗ್ಗೆ ಸ್ವಲ್ಪ. ಈಥರ್‌ನೆಟ್‌ನಲ್ಲಿ ಮೊದಲು ಎಲ್ಲರೂ ಒಂದೇ ತಂತಿಯನ್ನು ಹಂಚಿಕೊಳ್ಳುತ್ತಿದ್ದರು, ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕಿತ್ತು. 1990ರಲ್ಲಿ ಕಲ್ಪನಾ ಎಂಬ ಕ್ಯಾಲಿಫೋರ್ನಿಯಾದ ಕಂಪನಿ ಮೊದಲ ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಾಗ ಪ್ರತಿ ಜೋಡಿಗೂ ತನ್ನದೇ ದಾರಿ ಸಿಕ್ಕಿತು. ಆ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು ವಿನೋದ್ ಭಾರದ್ವಾಜ್. 1994ರಲ್ಲಿ ಕಂಪನಿಯನ್ನು ಸಿಸ್ಕೋ ಕೊಂಡುಕೊಂಡಿತು. ಇಂದು ಅತಿ ಅಗ್ಗದ ಸ್ವಿಚ್ಚೂ ಆ ಕೆಲಸ ಮಾಡುತ್ತದೆ. ಹೆಚ್ಚಿನ ಹಣ ಕೊಟ್ಟು ಮ್ಯಾನೇಜ್ಡ್ ಸ್ವಿಚ್ ಕೊಳ್ಳುವುದು ಯಾಕೆಂದರೆ, ಯಾವ ಪೋರ್ಟಿನಲ್ಲಿ ಎಷ್ಟು ದೋಷ ಬರುತ್ತಿದೆ ಎಂದು ಅದು ಎಣಿಸಿ ಹೇಳುತ್ತದೆ, ಯಾರೋ ಕೇಬಲಿನ ಎರಡೂ ತುದಿಯನ್ನು ಗೋಡೆಯ ಕಿಂಡಿಗಳಿಗೇ ಚುಚ್ಚಿ ಲೂಪ್ ಮಾಡಿದಾಗ ಇಡೀ ಕಚೇರಿ ನಿಲ್ಲದಂತೆ ತಡೆಯುತ್ತದೆ, ಕ್ಯಾಮೆರಾಗಳ ಸಂಚಾರವನ್ನು ಬಿಲ್ಲಿಂಗ್‌ನಿಂದ ಬೇರೆ ಮಾಡಲು ಬಿಡುತ್ತದೆ. ಕಚೇರಿಯ ಎಲ್ಲ ಮೇಜುಗಳಿಗೆ ಅಂಥದ್ದು ಬೇಡ, ಸರ್ವರ್ ಮತ್ತು ಶೆಡ್ಡುಗಳು ಸೇರುವ ನಡುವಿನ ಒಂದು ಸಾಕು.

ಸರ್ವರಿನ ನೆಟ್‌ವರ್ಕ್ ಕಾರ್ಡ್ ಬಗ್ಗೆ ಎರಡೇ ಮಾತು. ಗಿಗಾಬಿಟ್ ಎಂದರೆ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್; ಒಂದು ಸಾಮಾನ್ಯ ಎಸ್‌ಎಸ್‌ಡಿ ಅದರ ನಾಲ್ಕು ಪಟ್ಟು ವೇಗದಲ್ಲಿ ಓದಿಕೊಡಬಲ್ಲದು. ಹತ್ತಾರು ಜನ ಒಂದೇ ಸರ್ವರಿನಿಂದ ದೊಡ್ಡ ಡ್ರಾಯಿಂಗ್ ಫೈಲುಗಳನ್ನು ತೆರೆಯುವ ವಿನ್ಯಾಸ ಕಚೇರಿಯಲ್ಲಿ ಸರ್ವರಿಗೆ 10 ಗಿಗಾಬಿಟ್ ಕಾರ್ಡ್ ಹಾಕಿದರೆ ವ್ಯತ್ಯಾಸ ಅದೇ ದಿನ ಕಾಣುತ್ತದೆ; ಬರೀ ಬಿಲ್ಲಿಂಗ್ ನಡೆಯುವ ಕಡೆ ಏನೂ ಕಾಣುವುದಿಲ್ಲ. ಎರಡು ಗಿಗಾಬಿಟ್ ಲೈನುಗಳನ್ನು ಕಟ್ಟಿ ಒಂದು ಮಾಡಿದರೂ ಒಬ್ಬನೇ ಬಳಕೆದಾರನ ಒಂದೇ ಫೈಲು ಒಂದೇ ಲೈನಿನಲ್ಲಿ ಹೋಗುತ್ತದೆ ಎಂಬುದನ್ನು ಮಾರುವವರು ಹೇಳಲು ಮರೆಯುತ್ತಾರೆ.

ಈಗ ನನ್ನ ಮಟ್ಟಿಗೆ ಈ ವಿಷಯದ ಹೃದಯಭಾಗ: ಇಂಟರ್‌ನೆಟ್ ಲೈನಿನ ತಲೆಯಲ್ಲಿ ನಿಲ್ಲುವ ಸಾಲು. ನಿಮ್ಮ ಕಚೇರಿಯ ಒಳಗೆ ಗಿಗಾಬಿಟ್ ವೇಗ, ಹೊರಗೆ ಹೋಗುವ ಲೈನಿನಲ್ಲಿ ಅಪ್‌ಲೋಡ್ 10 ಎಂಬಿಪಿಎಸ್ ಎಂದುಕೊಳ್ಳಿ. ಅಗಲದಿಂದ ಇಕ್ಕಟ್ಟಿಗೆ ಬರುವ ಈ ಜಾಗದಲ್ಲಿ ಪ್ಯಾಕೆಟ್‌ಗಳು ರೂಟರಿನ ಬಫರಿನಲ್ಲಿ, ಅಂದರೆ ತಾತ್ಕಾಲಿಕ ಮೆಮೊರಿಯಲ್ಲಿ, ಸಾಲು ನಿಲ್ಲುತ್ತವೆ. ಮೆಮೊರಿ ಅಗ್ಗವಾದ ಮೇಲೆ ತಯಾರಕರು ಬಫರನ್ನು ಧಾರಾಳವಾಗಿ ಕೊಡುತ್ತ ಬಂದರು. ಬಫರ್ 1 ಮೆಗಾಬೈಟ್ ಇದ್ದು ಅದು ತುಂಬಿದರೆ, 10 ಎಂಬಿಪಿಎಸ್ ಲೈನಿನಲ್ಲಿ ಕೊನೆಗೆ ಬಂದ ಪ್ಯಾಕೆಟ್ ಸುಮಾರು 0.8 ಸೆಕೆಂಡ್ ಕಾಯಬೇಕು. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಯಾರ್ಡನ್ನು ದೊಡ್ಡದು ಮಾಡಿದರೆ ಹೆಚ್ಚು ಟ್ರ್ಯಾಕ್ಟರ್‌ಗಳು ಒಳಗೆ ನಿಲ್ಲಬಹುದು, ಗಾಣ ನುರಿಸುವ ಕಬ್ಬಿನ ಪ್ರಮಾಣವೇನೂ ಹೆಚ್ಚುವುದಿಲ್ಲ, ಕೊನೆಗೆ ಬಂದ ರೈತನ ಕಾಯುವಿಕೆ ಮಾತ್ರ ಹೆಚ್ಚುತ್ತದೆ. ಇಲ್ಲಿಯೂ ಆಗುವುದು ಅದೇ. ಸಿಸಿಟಿವಿ ದೃಶ್ಯಗಳು ಕ್ಲೌಡಿಗೆ ಏರುತ್ತಿರುವಾಗ, ಯಾರದೋ ಮೊಬೈಲ್ ತನ್ನ ಫೋಟೋಗಳನ್ನು ಹೊರಗೆ ಕಳಿಸುತ್ತಿರುವಾಗ, ಇ-ಇನ್‌ವಾಯ್ಸಿನ ಕೆಲವೇ ಕಿಲೋಬೈಟ್ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಪೋರ್ಟಲಿಗೆ ಸುರಕ್ಷಿತ ಸಂಪರ್ಕ ಏರ್ಪಡಲು ಸಂಪರ್ಕ ಕಟ್ಟುವ ಟಿಸಿಪಿಗೆ ಒಂದು ಸಲ, ಅದನ್ನು ಗೂಢಲಿಪಿಯಲ್ಲಿಡುವ ಟಿಎಲ್‌ಎಸ್‌ನ 1.2 ಆವೃತ್ತಿಗೆ ಎರಡು ಸಲ ಹೋಗಿ ಬರಬೇಕು, ಆಮೇಲೆ ಬಿಲ್ಲಿನದೇ ಒಂದು ಸಲ, ಒಂದೊಂದಕ್ಕೂ 0.8 ಸೆಕೆಂಡ್ ಎಂದರೆ ಪೋರ್ಟಲ್ ತನ್ನ ಕೆಲಸ ಆರಂಭಿಸುವ ಮುನ್ನವೇ ಎಷ್ಟಾಯಿತೆಂದು ನೋಡಿ. 2018ರ ಟಿಎಲ್‌ಎಸ್ 1.3 ಅದರಲ್ಲಿ ಒಂದು ಸಲವನ್ನು ಉಳಿಸಿತು ಎಂಬುದಷ್ಟೇ ಸಮಾಧಾನ.

ಇಂಥ ಸಾಲಿನ ಚರಿತ್ರೆ ಹಳೆಯದು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವೆ, ಕೇವಲ 400 ಗಜ ಅಂತರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಸಾಗಿಸುತ್ತಿದ್ದ ದಾರಿ 40 ಬಿಟ್‌ಗೆ ಕುಸಿಯಿತು. ಎಲ್ಲರೂ ಉತ್ತರ ಬಾರದ್ದನ್ನು ಮತ್ತೆ ಮತ್ತೆ ಕಳಿಸಿ ಸಾಲನ್ನು ಇನ್ನಷ್ಟು ತುಂಬಿಸುತ್ತಿದ್ದರು. ಆ ಪ್ರಯೋಗಾಲಯದ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರದ ಸಾರ, ನಷ್ಟ ಕಂಡಕೂಡಲೇ ಕಳಿಸುವವನೇ ವೇಗ ತಗ್ಗಿಸಬೇಕು ಎಂಬುದಾಗಿತ್ತು. ಇಂದಿಗೂ ನಿಮ್ಮ ಕಂಪ್ಯೂಟರ್ ಅದೇ ಶಿಸ್ತಿನ ಬೇರೆ ಬೇರೆ ರೂಪಗಳನ್ನು ಪಾಲಿಸುತ್ತದೆ. ಆ ಶಿಸ್ತಿಗೆ ಒಂದು ಬೆಲೆಯೂ ಇದೆ: ಕೆಟ್ಟ ಕ್ರಿಂಪಿನಿಂದಲೋ ಸಡಿಲ ಫೈಬರ್ ಕನೆಕ್ಟರಿನಿಂದಲೋ ನೂರಕ್ಕೆ ಒಂದು ಪ್ಯಾಕೆಟ್ ಕಳೆದುಹೋದರೂ ಅದನ್ನು ದಟ್ಟಣೆ ಎಂದೇ ತಿಳಿದು ವೇಗ ತಗ್ಗುತ್ತದೆ. ಹಳೆಯ ಬಗೆಯ ಟಿಸಿಪಿಯ ಲೆಕ್ಕದಲ್ಲಿ 30 ಮಿಲಿಸೆಕೆಂಡ್ ದೂರಕ್ಕೆ ಶೇಕಡಾ 1ರ ನಷ್ಟವಿದ್ದರೆ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 5 ಎಂಬಿಪಿಎಸ್. ಲೈನು 100 ಇರಲಿ, 500 ಇರಲಿ.

ಪರಿಹಾರವಾಗಿ ಹಾಕಬೇಕಾದ ಯಂತ್ರಾಂಶ ದುಬಾರಿಯೇನಲ್ಲ. ಸಾಲನ್ನು ಬುದ್ಧಿಯಿಂದ ನಿರ್ವಹಿಸಬಲ್ಲ ಒಂದು ರೂಟರ್ ಬೇಕು; 2012ರಲ್ಲಿ ಕ್ಯಾಥ್ಲೀನ್ ನಿಕಲ್ಸ್ ಮತ್ತು ಅದೇ ಜೇಕಬ್ಸನ್ ರೂಪಿಸಿದ ಕೋಡೆಲ್ ವಿಧಾನವನ್ನು, ಅಥವಾ ಅದರಿಂದ ಬೆಳೆದ ಎಫ್‌ಕ್ಯೂ-ಕೋಡೆಲನ್ನು ಬೆಂಬಲಿಸುವ ರೂಟರ್‌ಗಳು ಈಗ ಸುಲಭವಾಗಿ ಸಿಗುತ್ತವೆ. ಬಫರಿನಲ್ಲಿ ಪ್ಯಾಕೆಟ್ ಎಷ್ಟು ಹೊತ್ತು ಕಾಯುತ್ತಿದೆ ಎಂದು ನೋಡಿ, ಕಾಯುವಿಕೆ ಮಿತಿ ಮೀರಿ ಮುಂದುವರಿದರೆ ಇದು ಕೆಲವನ್ನು ಬೇಕೆಂದೇ ಎಸೆದುಬಿಡುತ್ತದೆ, ಕಳಿಸುವವರು ತಾವಾಗಿ ತಗ್ಗುತ್ತಾರೆ. ಒಂದು ಷರತ್ತು ಮರೆಯಬಾರದು: ರೂಟರಿನಲ್ಲಿ ವೇಗವನ್ನು ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ, ಉದಾಹರಣೆಗೆ ಶೇಕಡಾ 90ಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಸಾಲು ನಿಮ್ಮ ರೂಟರಿನಿಂದ ಜಾರಿ ಕಂಪನಿಯವರು ಕೊಟ್ಟ ಮೋಡೆಮ್ ಪೆಟ್ಟಿಗೆಯಲ್ಲಿ ನಿಲ್ಲುತ್ತದೆ, ಅಲ್ಲಿ ನಿಮ್ಮ ಮಾತು ನಡೆಯುವುದಿಲ್ಲ. ಶೇಕಡಾ 10ರಷ್ಟು ವೇಗವನ್ನು ಬಿಟ್ಟುಕೊಟ್ಟರೆ ಪರದೆ ಚುರುಕಾಗುತ್ತದೆ ಎಂದರೆ ಮಾಲೀಕರು ಒಪ್ಪುವುದು ಕಷ್ಟ. ಸಂಜೆ ಹೊತ್ತು ಒಮ್ಮೆ ಹಾಕಿ ತೋರಿಸಿದರೆ ಒಪ್ಪುತ್ತಾರೆ.

ಫೈರ್‌ವಾಲ್ ಪೆಟ್ಟಿಗೆಯ (ಹೊರಗಿನಿಂದ ಬರುವುದನ್ನು ತಪಾಸಣೆ ಮಾಡುವ ಕಾವಲು ಉಪಕರಣದ) ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಮಾಹಿತಿ ಹಾಳೆಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಇರುವ ವೇಗ ಬರೀ ಪ್ಯಾಕೆಟ್ ದಾಟಿಸುವುದರದ್ದು. ವೈರಸ್ ತಪಾಸಣೆ, ಒಳನುಗ್ಗುವಿಕೆ ತಡೆ, ಗೂಢಲಿಪಿಯನ್ನು ಬಿಚ್ಚಿ ನೋಡುವಿಕೆ ಇವೆಲ್ಲ ಚಾಲೂ ಆದಾಗಿನ ವೇಗ ಕೆಳಗೆ ಬೇರೆ ಸಾಲಿನಲ್ಲಿ ಇರುತ್ತದೆ, ಅದು ಮೇಲಿನದರ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುವುದೂ ಉಂಟು. ಕೊಳ್ಳುವಾಗ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಆ ಕೆಳಗಿನ ಸಾಲು.

ಕೊಲ್ಹಾಪುರದಲ್ಲೋ ಗೋವಾದಲ್ಲೋ ಶಾಖೆ ಇಟ್ಟು ವಿಪಿಎನ್ (ಇಂಟರ್‌ನೆಟ್ ಮೇಲೆ ಕಟ್ಟುವ ಖಾಸಗಿ ಸಂಪರ್ಕ) ಮೂಲಕ ಬೆಳಗಾವಿಯ ಸರ್ವರನ್ನು ಬಳಸುವವರಿಗೆ ಬೇರೊಂದು ಬಗೆಯ ತೊಂದರೆ ಎದುರಾಗುತ್ತದೆ. ಸಣ್ಣ ಪರದೆಗಳು ತಕ್ಷಣ ತೆರೆಯುತ್ತವೆ, ದೊಡ್ಡ ವರದಿ ಕೇಳಿದಾಗ ಮಾತ್ರ ಎಲ್ಲವೂ ನಿಂತುಹೋಗುತ್ತದೆ. ಈಥರ್‌ನೆಟ್ ಒಂದು ಸಲಕ್ಕೆ ಹೊರುವುದು 1500 ಬೈಟ್. ಮನೆ ಮತ್ತು ಸಣ್ಣ ಕಚೇರಿಗಳ ಲೈನುಗಳು ಬಳಸುವ ಪಿಪಿಪಿಒಇ ಎಂಬ ಲಾಗಿನ್ ವಿಧಾನ ಅದರಲ್ಲಿ 8 ಬೈಟ್ ತಿಂದು 1492 ಉಳಿಸುತ್ತದೆ, ವಿಪಿಎನ್ ತನ್ನ ಹೊದಿಕೆಗಾಗಿ ಇನ್ನೂ ಹಲವು ಹತ್ತು ಬೈಟ್ ತೆಗೆದುಕೊಳ್ಳುತ್ತದೆ. ತುಂಬಿದ ಪ್ಯಾಕೆಟ್ ಈ ದಾರಿಯಲ್ಲಿ ಹಿಡಿಸದೆ ಬಿದ್ದುಹೋಗುತ್ತದೆ, ಹಿಡಿಸಲಿಲ್ಲ ಎಂಬ ಸುದ್ದಿಯನ್ನು ನಡುವಿನ ಯಾವುದೋ ಫೈರ್‌ವಾಲ್ ತಡೆದಿರುತ್ತದೆ. ರೂಟರಿನಲ್ಲಿ ಎಂಎಸ್‌ಎಸ್ ಮಿತಿಯನ್ನು (ಒಂದು ಪ್ಯಾಕೆಟ್ ಹೊರುವ ದತ್ತಾಂಶದ ಗರಿಷ್ಠ ಗಾತ್ರವನ್ನು) 1350 ಬೈಟಿನ ಆಸುಪಾಸಿಗೆ ಕಟ್ಟಿದರೆ ಇದು ಹೋಗುತ್ತದೆ. ಆ ಸೌಲಭ್ಯ ಇಲ್ಲದ ರೂಟರನ್ನು ಶಾಖೆಗೆ ಹಾಕಲೇಬಾರದು. ಇನ್ನು 400 ಪ್ರಶ್ನೆ ಕೇಳುವ ತಂತ್ರಾಂಶವನ್ನು ಶಾಖೆಯ ಕಂಪ್ಯೂಟರಿನಲ್ಲೇ ಓಡಿಸಿ ದತ್ತಾಂಶವನ್ನು ಇಲ್ಲಿಂದ ಎಳೆಯುವುದು ಎಂದಿಗೂ ಸುಖ ಕೊಡುವುದಿಲ್ಲ. ತಂತ್ರಾಂಶವನ್ನು ಸರ್ವರಿನ ಪಕ್ಕದಲ್ಲೇ ಓಡಿಸಿ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಪರದೆಯ ಚಿತ್ರವನ್ನು ಮಾತ್ರ ಶಾಖೆಗೆ ಕಳಿಸಿದರೆ ಆ 400 ಸಲದ ಓಡಾಟವೆಲ್ಲ ಅರ್ಧ ಮಿಲಿಸೆಕೆಂಡಿನ ದೂರದಲ್ಲಿ ಮುಗಿಯುತ್ತದೆ. ಅದಕ್ಕಾಗಿ ಒಂದು ಒಳ್ಳೆಯ ಸರ್ವರ್ ಕೊಂಡರೆ ಆ ಹಣ ಸಾರ್ಥಕ.

ದೂರದ ಶಾಖೆಗಳ ನಡುವಿನ ಜಾಲಕ್ಕೆ (WAN) ಹಾಕುವ ವ್ಯಾನ್ ಆಪ್ಟಿಮೈಸರ್ ಎಂಬ ಪೆಟ್ಟಿಗೆಗಳ ಬಗ್ಗೆ ನನಗೆ ಉತ್ಸಾಹ ಕಡಿಮೆ. ಎರಡೂ ತುದಿಯಲ್ಲಿ ಕೂತು, ಒಮ್ಮೆ ಹೋದ ದತ್ತಾಂಶವನ್ನು ನೆನಪಿಟ್ಟು ಮತ್ತೆ ಕಳಿಸದೆ ಉಳಿಸುವ ಇವು 2000ದ ದಶಕದಲ್ಲಿ ಬಹಳ ಉಪಯುಕ್ತವಾಗಿದ್ದವು. ಆಗ ಫೈಲ್ ಹಂಚಿಕೆಯ ವಿಧಾನವೇ ವಾಚಾಳಿಯಾಗಿತ್ತು. ವಿಂಡೋಸ್ ವಿಸ್ತಾದೊಂದಿಗೆ ಬಂದ, ಆ ವಿಧಾನದ ಹೊಸ ಆವೃತ್ತಿಯಾದ ಎಸ್‌ಎಂಬಿ 2ರಲ್ಲಿ ನೂರಕ್ಕೂ ಮಿಕ್ಕಿದ್ದ ಆಜ್ಞೆಗಳು 19ಕ್ಕೆ ಇಳಿದವು. ಇಂದು ಬಹುತೇಕ ಸಂಚಾರ ಗೂಢಲಿಪಿಯಲ್ಲಿ ಹೋಗುವುದರಿಂದ ಈ ಪೆಟ್ಟಿಗೆಗಳಿಗೆ ಅದರೊಳಗೆ ಏನಿದೆ ಎಂದು ಕಾಣುವುದೇ ಇಲ್ಲ. ಲೋಡ್ ಬ್ಯಾಲೆನ್ಸರ್‌ಗಳ (ಬಂದ ಕೆಲಸವನ್ನು ಹಲವು ಸರ್ವರುಗಳಿಗೆ ಹಂಚುವ ಪೆಟ್ಟಿಗೆಗಳ) ಮಾತು ಬೇರೆ: ಸಾವಿರಾರು ಗ್ರಾಹಕರು ಒಮ್ಮೆಗೇ ಬರುವ ಕಡೆ, ಒಂದು ಸರ್ವರ್ ಕೆಟ್ಟರೆ ಇನ್ನೊಂದು ತಕ್ಷಣ ನಿಲ್ಲಬೇಕಾದ ಕಡೆ ಅವು ಬೇಕೇ ಬೇಕು. ನಮ್ಮ ಗಾತ್ರದ ವ್ಯವಹಾರಕ್ಕೆ ಹೆಚ್ಚಿನ ವೇಳೆ ಹೆಚ್‌ಎ-ಪ್ರಾಕ್ಸಿಯಂಥ ಉಚಿತ ತಂತ್ರಾಂಶ ಸಾಮಾನ್ಯ ಕಂಪ್ಯೂಟರಿನ ಮೇಲೆ ಅದೇ ಕೆಲಸ ಮಾಡುತ್ತದೆ. ಹಿಂದಿರುವ ಡೇಟಾಬೇಸ್ ಒಂದೇ ಆಗಿದ್ದು ಅದೇ ನಿಧಾನವಾಗಿದ್ದರೆ, ಮುಂದೆ ಎಷ್ಟು ಸರ್ವರ್ ನಿಲ್ಲಿಸಿದರೂ ಎಲ್ಲರೂ ಅದರ ಬಾಗಿಲಲ್ಲೇ ಸೇರುತ್ತಾರೆ.

ಗೋದಾಮಿನ ಬಾರ್‌ಕೋಡ್ ಸ್ಕ್ಯಾನರ್‌ಗಳಿಗೆ ವೈಫೈ ಬೇಕಾಗುತ್ತದೆ, ಅಲ್ಲಿ ಬಿಡುವಂತಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಎಂದು ಮೂರೇ. ತಗಡಿನ ಶೆಡ್ಡಿನಲ್ಲಿ ಅಲೆಗಳು ಪುಟಿದು ಇನ್ನಷ್ಟು ಗೊಂದಲ. ಜೋರಾದ ಒಂದೇ ಆಕ್ಸೆಸ್ ಪಾಯಿಂಟಿನ (ವೈಫೈ ಬೀರುವ ಪೆಟ್ಟಿಗೆಯ) ಬದಲು ಕಡಿಮೆ ಶಕ್ತಿಯ ಮೂರು ನಾಲ್ಕನ್ನು 5 ಗಿಗಾಹರ್ಟ್ಸ್‌ನಲ್ಲಿ ಹಾಕುವುದು ಲೇಸು. ಜಾಗ ಬಿಟ್ಟು ಕದಲದ ಬಿಲ್ಲಿಂಗ್ ಕಂಪ್ಯೂಟರನ್ನು ವೈಫೈಗೆ ಜೋಡಿಸಲು ಕಾರಣವೇ ಇಲ್ಲ.

ಮಾತು ಮುಗಿದ ಮೇಲೆ ಒಬ್ಬರು ಕೇಳಿದರು: "ಎರಡ ಕಂಪನಿ ಲೈನ್ ತಗೊಂಡೀವ್ರೀ ಸರ, ಆದ್ರ ಹೋದಾಗ ಎರಡೂ ಕೂಡೇ ಹೋಗ್ತಾವ. ಏನ್ ಮಾಡೋದ್ರಿ?" ಇದಕ್ಕೆ ಕಾರಣ ಸಾಮಾನ್ಯವಾಗಿ ಕಂಬದ ಮೇಲೆ ಕಾಣುತ್ತದೆ: ಎರಡೂ ಕಂಪನಿಯ ಫೈಬರ್ ಒಂದೇ ಕಂಬದಿಂದ, ಇಲ್ಲವೇ ಒಂದೇ ರಸ್ತೆಯ ಒಂದೇ ಅಂಚಿನಿಂದ ಬಂದಿರುತ್ತದೆ, ಜೆಸಿಬಿಯ ಒಂದು ಹೊಡೆತಕ್ಕೆ ಎರಡೂ ಸಿಗುತ್ತವೆ. ಎರಡನೆಯ ಲೈನನ್ನು ಕೊಳ್ಳುವ ಮುನ್ನ ಅದು ಯಾವ ಬೀದಿಯಿಂದ ಒಳಗೆ ಬರುತ್ತದೆ ಎಂದು ನಡೆದು ನೋಡಬೇಕು. ಬೇರೆ ದಾರಿ ಇಲ್ಲದಿದ್ದರೆ ಎರಡನೆಯದನ್ನು ಫೈಬರ್ ಬಿಟ್ಟು 4ಜಿ ಅಥವಾ 5ಜಿ ಸಿಮ್ ಹಾಕುವ ರೂಟರ್ ಮಾಡಿಕೊಳ್ಳಬೇಕು. ಎರಡು ಲೈನುಗಳನ್ನು ಒಟ್ಟಿಗೆ ಬಳಸುವಾಗ ಬ್ಯಾಂಕಿನ ಮತ್ತು ತೆರಿಗೆಯ ಪೋರ್ಟಲ್‌ಗಳ ಸಂಚಾರವನ್ನು ಒಂದೇ ಲೈನಿಗೆ ಕಟ್ಟಿಹಾಕಬೇಕು, ಏಕೆಂದರೆ ನಡುವೆ ವಿಳಾಸ ಬದಲಾದರೆ ಹಲವು ಪೋರ್ಟಲ್‌ಗಳು ಲಾಗಿನ್ ಆದವರನ್ನು ಹೊರಗೆ ಹಾಕುತ್ತವೆ. ರೂಟರ್, ಸ್ವಿಚ್ ಮತ್ತು ಫೈಬರ್ ಮೋಡೆಮ್ ಮೂರೂ ಒಂದೇ ಯುಪಿಎಸ್ ಮೇಲೆ ಇರಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸರ್ವರಿಗೆ ಬ್ಯಾಟರಿ ಕೊಟ್ಟು ಸ್ವಿಚ್ಚನ್ನು ಗೋಡೆಯ ಪ್ಲಗ್ಗಿಗೆ ಬಿಡುವುದು ನಮ್ಮಲ್ಲಿ ಬಹಳ ಸಾಮಾನ್ಯ.

ಇನ್ನೊಬ್ಬರ ಪ್ರಶ್ನೆ ಸೆಕೆಂಡ್ ಹ್ಯಾಂಡ್ ಉಪಕರಣಗಳ ಬಗ್ಗೆ ಇತ್ತು. ದೊಡ್ಡ ಕಚೇರಿಗಳು ಬಿಟ್ಟುಕೊಟ್ಟ ಮ್ಯಾನೇಜ್ಡ್ ಸ್ವಿಚ್‌ಗಳು ಅಗ್ಗಕ್ಕೆ ಸಿಗುತ್ತವೆ, ಒಳಗಿನ ಬಳಕೆಗೆ ಅವು ತಕ್ಕವೇ. ಫ್ಯಾನ್ ಮತ್ತು ಪವರ್ ಸಪ್ಲೈ ಪರೀಕ್ಷಿಸಿ, ಕೈಯಲ್ಲೊಂದು ಬದಲಿ ಇಟ್ಟುಕೊಳ್ಳಬೇಕು. ಇಂಟರ್‌ನೆಟ್ ಕಡೆಗೆ ಮುಖ ಮಾಡಿದ ಫೈರ್‌ವಾಲನ್ನು ಮಾತ್ರ ಹಾಗೆ ಕೊಳ್ಳಬಾರದು, ಭದ್ರತಾ ಅಪ್‌ಡೇಟ್ ನಿಂತುಹೋದ ಪೆಟ್ಟಿಗೆ ಬಾಗಿಲಲ್ಲಿದ್ದರೆ ಅದೇ ಕಳ್ಳಗಿಂಡಿ. ಹೊಸದಿರಲಿ ಹಳೆಯದಿರಲಿ, ಖರೀದಿಯ ಆದೇಶದಲ್ಲಿ ಒಂದು ಸಾಲನ್ನು ಬರೆಸಿ ಎಂದು ಅವರಿಗೆ ಹೇಳಿದೆ: ಬಿಲ್ ಸೇವ್ ಮಾಡಲು, ಸ್ಟಾಕ್ ಪರದೆ ತೆರೆಯಲು, ತಿಂಗಳ ವರದಿ ಬರಲು ಇಂದು ಸಂಜೆ 5 ಗಂಟೆಗೆ ಹಿಡಿಯುವ ಸೆಕೆಂಡುಗಳು ಇಷ್ಟಿಷ್ಟು, ಪೆಟ್ಟಿಗೆ ಕೂರಿಸಿದ ಮೇಲೆ ಅದೇ ಹೊತ್ತಿಗೆ ಅದೇ ಮೂರು ಕೆಲಸಗಳನ್ನು ಅಳೆದು ತೋರಿಸಿದ ನಂತರವೇ ಉಳಿದ ಹಣ ಕೊಡಲಾಗುವುದು ಎಂದು. ಮಾರುವವರು ಆ ಸಾಲಿಗೆ ಸಹಿ ಹಾಕಲು ಹಿಂಜರಿದರೆ, ಅವರಿಗೂ ಕಾಯುವಿಕೆ ಎಲ್ಲಿದೆ ಎಂದು ಗೊತ್ತಿಲ್ಲವೆಂದೇ ಲೆಕ್ಕ.